ಫಾರಂ ಮಾವನ ಖಾಲಿ ವಿಭಾಗ

ಕಾಲೇಜಿನ ಗೇಟಿನ ಎದುರಿಗೇ ನನ್ನ ಜೆರಾಕ್ಸ್ ಅಂಗಡಿ. ಅದರ ಬಾಗಿಲ ಪಕ್ಕ ಮೇಜು ಹಾಕಿಕೊಂಡು ಹದಿನೆಂಟು ವರ್ಷದಿಂದ ಪ್ರವೇಶದ ಅರ್ಜಿ ತುಂಬಿಕೊಡುತ್ತಿದ್ದವನು ಮಕ್ಕಳ ಬಾಯಲ್ಲಿ ಫಾರಂ ಮಾವ. ಅಕ್ಷರ ಮುತ್ತಿನಂಥದ್ದು, ಹಟ ಕತ್ತೆಯದ್ದು.

ಅರ್ಜಿಯಲ್ಲಿ ಒಂದೇ ಮುಖ್ಯ ವಿಷಯ ಬರೆಯಬೇಕು. ಅದೇ ವಿಷಯ ಬರೆದವರ ನಡುವೆ ಅಂಕದ ಪೈಪೋಟಿ. ಅದಕ್ಕೇ ಮಾವ ಒಂದು ಉಪಾಯ ಹೂಡಿದ್ದ: ಯಾರೂ ಮೂಸಿ ನೋಡದ ಮಣ್ಣುಶಾಸ್ತ್ರ ಬರೆದು ಒಳಗೆ ನುಗ್ಗು, ವರ್ಷ ಕಳೆದ ಮೇಲೆ ಬೇಕಾದ ವಿಷಯಕ್ಕೆ ಬದಲಾಯಿಸಿಕೋ. ಹೋದ ವರ್ಷ ಕಡಿಮೆ ಅಂಕದ ಒಂಬತ್ತು ಮಕ್ಕಳು ಹೀಗೇ ಸೇರಿದರು. ಆಮೇಲೆ ಅವನನ್ನು ಹಿಡಿಯುವವರಿರಲಿಲ್ಲ.

ಈ ವರ್ಷ ಸ್ವಂತ ಮಗಳ ಸರದಿ. ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟು ಅವಳು ಬೇರೆ ಊರಿಗೆ ಹೋಗುವಂತಿರಲಿಲ್ಲ. ಇಲ್ಲಿ ಸಿಗದಿದ್ದರೆ ಓದು ಅಲ್ಲಿಗೇ ಮುಗಿಯಿತು.

“ಅಪ್ಪಾ, ಗಣಿತ ಅಂತಾನೇ ಬರಿ. ನಂಗೆ ಬೇಕಾಗಿರೋದು ಅದು.”

“ಸುಮ್ನಿರೇ. ನಿನ್ನ ಅಂಕಕ್ಕೆ ಗಣಿತ ಸಿಗೋದು ಅನುಮಾನ,” ಎಂದು ಮಣ್ಣುಶಾಸ್ತ್ರ ಬರೆದೇಬಿಟ್ಟ.

ಮರುದಿನದಿಂದ ಅರ್ಜಿಗಳು ನನ್ನ ಯಂತ್ರದ ಮೇಲೆ ಬಂದು ಬೀಳತೊಡಗಿದವು. ಮಣ್ಣುಶಾಸ್ತ್ರ. ಇನ್ನೊಂದು, ಅದೂ ಮಣ್ಣುಶಾಸ್ತ್ರ. ಎಲ್ಲ ಅವನದೇ ಅಕ್ಷರ. ಒಳ್ಳೆಯ ಅಂಕದವರೂ ಅವನ ಮಾತಿಗೇ ಜೋತುಬಿದ್ದಿದ್ದರು. ನಾಲ್ಕನೆಯ ದಿನ ಯಂತ್ರ ನಿಲ್ಲಿಸಿ ಅವನ ಮೇಜಿನ ಬಳಿ ಹೋದೆ.

“ಅಣ್ಣಾ, ಇರೋದೇ ಮೂವತ್ತು ಸೀಟು. ಎಲ್ರಿಗೂ ಅದನ್ನೇ ಬರೀತಿದ್ದೀಯಲ್ಲ, ನಿನ್ನ ಮಗಳ ಗತಿ?”

ಅವನು ಪೆನ್ನು ಕೆಳಗಿಡಲಿಲ್ಲ. “ನಂಬಿ ಬಂದೋರಿಗೆ ಒಂದು, ಮಗಳಿಗೆ ಒಂದು ಹೇಳ್ಲಾ? ನೀನು ನಿನ್ನ ಕೆಲಸ ನೋಡಮ್ಮ.”

ನನಗೆ ಮೈ ಉರಿಯಿತು. ಸುಮ್ಮನಾದೆ, ಆ ಸುಮ್ಮನಾಗಿದ್ದು ಇವತ್ತಿಗೂ ಚುಚ್ಚುತ್ತದೆ. ಕೊನೆಯ ದಿನ ಕಚೇರಿಯ ಜವಾನ ಬಂದು, ಮಣ್ಣುಶಾಸ್ತ್ರದ ಕಟ್ಟು ಒಂದು ದಾರಕ್ಕೆ ಹಿಡಿಯುತ್ತಿಲ್ಲ ಎಂದು ನಕ್ಕ. ಮಾವ ನಗಲಿಲ್ಲ.

ಪಟ್ಟಿ ಹಚ್ಚಿದ ಬೆಳಿಗ್ಗೆ ಮೂವರೂ ಹೋದೆವು. ಮಗಳು ಮಣ್ಣುಶಾಸ್ತ್ರದ ಪಟ್ಟಿಯನ್ನು ಎರಡು ಸಲ ನೋಡಿದಳು. ಅವಳ ಹೆಸರಿರಲಿಲ್ಲ. ಆಮೇಲೆ ಪಕ್ಕದ ಗಣಿತದ ಪಟ್ಟಿಯ ತಳಕ್ಕೆ ಬೆರಳಿಟ್ಟಳು. ಗಣಿತಕ್ಕೆ ಬರಬೇಕಾದವರೆಲ್ಲ ಮಣ್ಣುಶಾಸ್ತ್ರ ಬರೆದಿದ್ದರಿಂದ ಅಲ್ಲಿ ಅಂಕ ಪಾತಾಳಕ್ಕಿಳಿದಿತ್ತು.

“ಇಲ್ಲಿ ಕೊನೆಯವನಿಗಿಂತ ನಂಗೆ ಹನ್ನೊಂದು ಅಂಕ ಜಾಸ್ತಿ ಇತ್ತಪ್ಪಾ,” ಎಂದಳು. ಬೈಯಲಿಲ್ಲ, ಅಳಲಿಲ್ಲ. ಅಮ್ಮನಿಗೆ ಮಾತ್ರೆ ಕೊಡುವ ಹೊತ್ತಾಯಿತೆಂದು ಮನೆಗೆ ನಡೆದಳು.

ಮಾವ ಅಲ್ಲೇ ನಿಂತು ಮಣ್ಣುಶಾಸ್ತ್ರದ ಮೂವತ್ತು ಹೆಸರನ್ನೂ ಓದಿದ. ಅಷ್ಟೂ ಜನರ ಅರ್ಜಿ ಅವನೇ ತುಂಬಿದ್ದ.