ಬಾಡಿಗೆ ಏರದಂತೆ ಕಾಯುವ ಮುದ್ದಮ್ಮ

ಟಿ. ನರಸೀಪುರದಿಂದ ಹೊರಟ ಮೊದಲ ಬಸ್ಸು ನಂಜನಗೂಡಿಗೆ ಬಂದು ನಿಂತಾಗ ಬೆಳಗಿನ ಆರೂಕಾಲು. ಡಿಸೆಂಬರಿನ ಚಳಿ. ಮುದ್ದಮ್ಮ ಬಾಗಿಲ ಕಂಬಿ ಹಿಡಿದು ಮೊದಲು ಬಲಗಾಲು ಊರಿ, ಆಮೇಲೆ ನಿಧಾನವಾಗಿ ಎಡಗಾಲು ಇಳಿಸುತ್ತಾರೆ. ಕಂಡಕ್ಟರ್ ಸೀಟಿ ಊದುವ ಅವಸರದಲ್ಲಿರುತ್ತಾನೆ, ಆದರೆ ಈಕೆ ಎರಡೂ ಕಾಲು ಊರುವ ತನಕ ಊದುವುದಿಲ್ಲ. ಎರಡು ವರ್ಷದಿಂದ ಇದೇ ಬಸ್ಸು, ಇದೇ ಮಂಡಿನೋವು.

ಅಲ್ಲಿಂದ ಇಪ್ಪತ್ತು ನಿಮಿಷ ನಡೆದರೆ ಊರಾಚೆಯ ಸಾಲುಮನೆಗಳು. ಎದುರುಬದುರಾಗಿ ಎರಡು ಸಾಲು, ಒಟ್ಟು ಇಪ್ಪತ್ತೆಂಟು ಮನೆ, ಮೇಲೆ ಮಂಗಳೂರು ಹೆಂಚು. ನಾಲ್ಕು ನಲ್ಲಿಗಳ ಮುಂದೆ ಕೊಡಗಳು ಆಗಲೇ ಸರತಿಯಲ್ಲಿ ಕೂತಿವೆ, ಕೊಡದ ಒಡತಿಯರು ಮಾತ್ರ ಒಳಗೆ ಒಲೆ ಹಚ್ಚುತ್ತಿದ್ದಾರೆ. ಮುದ್ದಮ್ಮ ಚೀಲವನ್ನು ಜಗಲಿಯ ಮೇಲಿಟ್ಟು, ಗುಂಡಿಯ ಮುಚ್ಚಳ ಸರಿಸಿ, ಬಗ್ಗಿ ನೀರಿನ ವಾಲು ತಿರುಗಿಸುತ್ತಾರೆ. ಹತ್ತೊಂಬತ್ತು ಸುತ್ತು. ಹದಿನೆಂಟಕ್ಕೆ ನಿಲ್ಲಿಸಿದರೆ ಮೇಲಿನ ಸಾಲಿಗೆ ನೀರು ಹತ್ತುವುದಿಲ್ಲ, ಇಪ್ಪತ್ತಾದರೆ ಕೆಳಗಿನ ಮೋರಿ ಉಕ್ಕುತ್ತದೆ.

"ತಿರುಗ್ಸೋದು ಏನು ದೊಡ್ಡ ಕೆಲ್ಸ ಅಲ್ಲ ಕಣ್ರೀ. ಬಗ್ಗುದ್ಮೇಲೆ ಎದ್ದೇಳೋದೇ ಈಗ ಕಷ್ಟ ಆಗದೆ" ಎನ್ನುತ್ತಾ ಗೋಡೆ ಹಿಡಿದು ಏಳುತ್ತಾರೆ.

ವಯಸ್ಸು ಐವತ್ನಾಲ್ಕು. ಮನೆಗಳನ್ನು ಕಟ್ಟಿಸಿದ ಟ್ರಸ್ಟಿನ ಪುಸ್ತಕದಲ್ಲಿ ಈಕೆ 'ಕೇರ್‌ಟೇಕರ್'. ಬಾಡಿಗೆದಾರರ ಬಾಯಲ್ಲಿ ಮುದ್ದಕ್ಕ. ಎಂಟು ಕಕ್ಕಸು ತೊಳೆಸುವುದು, ಜಾರಿದ ಹೆಂಚು ಸರಿ ಮಾಡಿಸುವುದು, ಹೋದ ಬಲ್ಬು ಬದಲಿಸುವುದು, ಗಂಡ ಹೆಂಡಿರ ಜಗಳ ಬೀದಿಗೆ ಬಂದರೆ ಒಳಕ್ಕೆ ಕಳಿಸುವುದು, ಎಲ್ಲವೂ ಈಕೆಯ ಪಾಲಿನದು. ಇಪ್ಪತ್ತೆಂಟು ಮನೆಗಳಲ್ಲಿ ನೂರಹದಿನಾರು ಜನ. ಯಾರ ಮಗುವಿಗೆ ದಡಾರವಾಗಿದೆ, ಯಾರ ಮನೆಗೆ ಊರಿಂದ ಅತ್ತೆ ಬಂದಿದ್ದಾರೆ ಎಂಬುದು ಕೇಳುವ ಮೊದಲೇ ಗೊತ್ತಿರುತ್ತದೆ. ಆದರೆ ಇವೆಲ್ಲ ಮೇಲುಮೇಲಿನ ಕೆಲಸಗಳು. ಮುದ್ದಮ್ಮನ ನಿಜವಾದ ಕೆಲಸ ಬೇರೆಯೇ ಇದೆ. ಇಲ್ಲಿರುವವರು ಬಡವರು ಎಂದು ವರ್ಷಕ್ಕೊಮ್ಮೆ ರುಜುವಾತು ಮಾಡುವುದು.

ಅದರ ಹಿನ್ನೆಲೆ ಹೀಗಿದೆ. ಮೈಸೂರಿನ ವ್ಯಾಪಾರಿ ಮನೆತನವೊಂದರ ಟ್ರಸ್ಟು ೧೯೯೩ರಲ್ಲಿ ಈ ಮನೆಗಳನ್ನು ಕಟ್ಟಿಸಿತು. ಧರ್ಮಕ್ಕೆ ಎಂದೇ ಹೇಳಿದರು, ಅದೂ ಪೂರ್ತಿ ಸುಳ್ಳಲ್ಲ. ಆದರೆ ಧರ್ಮದ ಜೊತೆಗೆ ತೆರಿಗೆಯಲ್ಲಿ ರಿಯಾಯಿತಿಯೂ ಇತ್ತು. ಷರತ್ತು ಎರಡೇ. ಹದಿನೈದು ವರ್ಷ ಬಾಡಿಗೆ ಒಂದು ಮಿತಿ ದಾಟಬಾರದು. ಆ ಹದಿನೈದು ವರ್ಷವೂ ಕಡಿಮೆ ಆದಾಯದವರೇ ವಾಸವಿರಬೇಕು. ಷರತ್ತು ಮುರಿದರೆ ರಿಯಾಯಿತಿ ರದ್ದು, ರಿಯಾಯಿತಿ ರದ್ದಾದರೆ ಬಾಡಿಗೆಗೆ ಯಾರ ಹಂಗೂ ಇಲ್ಲ. ಇವತ್ತು ಇಲ್ಲಿನ ಬಾಡಿಗೆ ನೂರೆಂಬತ್ತು ರೂಪಾಯಿ. ಬೇಲಿಯ ಆಚೆ ಇಂಥದೇ ಒಂದು ಕೋಣೆ, ಅಡುಗೆಮನೆಗೆ ಎಂಟುನೂರು. ನಡುವೆ ಇರುವುದು ಮುಳ್ಳುತಂತಿ ಮತ್ತು ಮುದ್ದಮ್ಮನ ಫೈಲು.

ಪ್ರತಿ ಏಪ್ರಿಲ್‌ನಲ್ಲಿ ಆ ಫೈಲಿಗೆ ಇಪ್ಪತ್ತೆಂಟು ಆದಾಯ ಪ್ರಮಾಣಪತ್ರಗಳು ಸೇರಬೇಕು. ಅರ್ಧದಷ್ಟು ಜನರ ಮೂಲ ದಾಖಲೆ ನಂಜನಗೂಡು ತಾಲ್ಲೂಕಿನದು, ಉಳಿದವರದು ಟಿ. ನರಸೀಪುರದ್ದು. ಫ್ಯಾಕ್ಟರಿಯ ಹಮಾಲಿ, ಗಾರೆ ಕೆಲಸ, ಹೋಟೆಲಿನ ಪಾತ್ರೆ ತೊಳೆಯುವ ಕೆಲಸ ಮಾಡುವವರು ಒಂದು ದಿನದ ಕೂಲಿ ಬಿಟ್ಟು ಸರತಿಯಲ್ಲಿ ನಿಲ್ಲಲಾರರು. ಹಾಗಾಗಿ ಅವರ ಅರ್ಜಿಗಳನ್ನು ಹಿಡಿದು ಎರಡೂ ತಾಲ್ಲೂಕು ಕಚೇರಿಗಳ ಮೆಟ್ಟಿಲು ಹತ್ತುವವರು ಮುದ್ದಮ್ಮನೇ.

ಈಕೆಯೂ ಮೊದಲು ಇಲ್ಲಿ ಬಾಡಿಗೆಗೇ ಬಂದವರು. ಗಂಡ ಕೆಂಪಯ್ಯ ಫ್ಯಾಕ್ಟರಿಯಲ್ಲಿ ದಿನಗೂಲಿಗೆ ಮೂಟೆ ಹೊರುತ್ತಿದ್ದರು. ಅದಕ್ಕೂ ಮೊದಲು ಇದ್ದದ್ದು ಒಂದು ತಗಡಿನ ಶೆಡ್ಡು. ಮಳೆ ಬಂದರೆ ಗಂಡ, ಹೆಂಡತಿ, ಮಗಳು ಕೋಮಲ ಮೂವರೂ ಒಂದೇ ಮೂಲೆಗೆ ಸೇರಬೇಕು. "ಒಂಬತ್ತನೇ ನಂಬರ್ ಮನೆ ಕೊಟ್ಟಾಗ ಮೊದ್ಲ ದಿನ ನಂಗೆ ನಿದ್ದೇನೇ ಬರ್ನಿಲ್ಲ. ಸೂರು ನೋಡ್ತಾ ಮನಿಕಂಡಿದ್ದೆ" ಎಂದು ನೆನೆಯುತ್ತಾರೆ. ಎರಡು ವರ್ಷದ ಮೇಲೆ ಟ್ರಸ್ಟಿನ ಮ್ಯಾನೇಜರ್ ರಾಮಚಂದ್ರ ಈ ಕೆಲಸ ಒಪ್ಪಿಸಿದರು. ಆಗ ಸಂಬಳ ನಾನೂರು, ಈಗ ಸಾವಿರದ ನಾನೂರು.

ಇಷ್ಟು ವರ್ಷಗಳಲ್ಲಿ ಮುದ್ದಮ್ಮ ಒಂದು ತಪ್ಪು ಮಾಡಿದ್ದಾರೆ. ಕೇಳಿದರೆ ಮರೆಮಾಚದೆ ಹೇಳುತ್ತಾರೆ, ಹೇಳುವಾಗ ಈಗಲೂ ಮುಖ ಬಾಡುತ್ತದೆ.

ಅದು ೨೦೦೧. ಅಲ್ಲಿಯವರೆಗೆ ಕಾಗದ ನೋಡಿ ಸುಮ್ಮನಾಗುತ್ತಿದ್ದ ತೆರಿಗೆ ಇಲಾಖೆಯವರು ಆ ವರ್ಷ ಮನೆಗಳನ್ನೇ ತಪಾಸಣೆ ಮಾಡುತ್ತೇವೆ ಎಂದರು. ಮುದ್ದಮ್ಮ ಎಂಟು ದಿನ ಮೊದಲೇ ಮನೆಮನೆಗೂ ಹೋಗಿ, "ಸಾಯೇಬ್ರು ಬತ್ತಾವ್ರೆ, ಮನೆ ಲಕ್ಷಣವಾಗಿ ಇಟ್ಕಳಿ, ನಮ್ ಮರ್ವಾದೆ ಪ್ರಶ್ನೆ" ಎಂದು ಹೇಳಿಬಂದರು. ಅಷ್ಟೇ ಸಾಕಾಯಿತು. ಹೆಣ್ಣು ನೋಡಲು ಬರುವ ದಿನ ಪಕ್ಕದ ಮನೆಯ ಕುರ್ಚಿ, ನಾದಿನಿಯ ಸರ, ಷಡ್ಡಕನ ಮನೆಯ ತಟ್ಟೆ ಲೋಟ ತಂದು ಮನೆ ತುಂಬಿಸಿಕೊಳ್ಳುವುದು ಈ ಸೀಮೆಯಲ್ಲಿ ಹೊಸದೇನಲ್ಲ. ಕೊಟ್ಟವರು ಹೇಳುವುದಿಲ್ಲ, ತಂದವರೂ ಹೇಳುವುದಿಲ್ಲ. ಸಾಲುಮನೆಯವರು ಸಾಹೇಬರನ್ನು ಬೀಗರೆಂದೇ ಭಾವಿಸಿದರು.

ಕಳಲೆಯಿಂದ ಟಿ.ವಿ. ಬಂತು, ತಾಂಡವಪುರದಿಂದ ಸ್ಟೀಲ್ ಬೀರು ಎತ್ತಿನ ಗಾಡಿಯಲ್ಲಿ ಬಂತು. ಒಟ್ಟು ಹನ್ನೊಂದು ಟಿ.ವಿ. ಹಮಾಲಿ ರಂಗನಾಯಕ ಅಣ್ಣನ ಮೋಟಾರ್ ಬೈಕು ತಂದು ಬಾಗಿಲ ಮುಂದೆ ನಿಲ್ಲಿಸಿ, ಹ್ಯಾಂಡಲ್ಲಿಗೆ ಸೇವಂತಿಗೆ ಹಾರ ಹಾಕಿದ. ಹದಿನಾಲ್ಕನೇ ಮನೆಯ ಸಿದ್ದಲಿಂಗಮ್ಮ ನಾದಿನಿಯ ಎರಡೆಳೆ ಸರ ಕೊರಳಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತರು. ಮುದ್ದಮ್ಮ ತಾನೇನು ಕಡಿಮೆ ಎಂದು ತಂಗಿಯ ಮಿಕ್ಸಿ ತಂದು ಕಪಾಟಿನ ಮೇಲಿಟ್ಟರು. ಎಲ್ಲರೂ ಸೇರಿ ಕೇಸರಿಬಾತು ಮಾಡಿದರು. ಸಾಹೇಬರು ಎರಡು ಸಲ ಹಾಕಿಸಿಕೊಂಡರು, ಕೈಮುಗಿದು ಜೀಪು ಹತ್ತಿದರು, ಕಚೇರಿಗೆ ಹೋಗಿ ಕಂಡದ್ದನ್ನು ಕಂಡ ಹಾಗೆ ಬರೆದರು. ಇಲ್ಲಿ ವಾಸವಿರುವವರು ಸ್ಥಿತಿವಂತರು.

ತಿಂಗಳೊಳಗೆ ನೋಟೀಸು ಬಂತು. ಒಂದೂವರೆ ತಿಂಗಳಲ್ಲಿ ಸಮಾಧಾನಕರ ವಿವರಣೆ ಬಾರದಿದ್ದರೆ ರಿಯಾಯಿತಿ ರದ್ದು. ರಾಮಚಂದ್ರ ಮೈಸೂರಿನಿಂದ ಬಂದು ಜಗಲಿಯ ಮೇಲೆ ತಲೆ ಹಿಡಿದು ಕೂತರು. "ಏನಮ್ಮಾ ಮುದ್ದಮ್ಮ, ಇಪ್ಪತ್ತೆಂಟು ಸಂಸಾರಾನ ಒಂದೇ ದಿನದಲ್ಲಿ ಸಾಹುಕಾರರನ್ನ ಮಾಡಿಬಿಟ್ಟೆಯಲ್ಲ" ಎಂದರು. ರದ್ದಾದರೆ ಬಾಡಿಗೆ ಆರುನೂರಾಗುತ್ತದೆ ಎಂಬುದನ್ನೂ ಅಲ್ಲೇ ಹೇಳಿದರು.

"ನಂಗೆ ಭೂಮಿಗಿಳ್ದೋದಂಗಾಯ್ತು. ಅವ್ರು ಮಾಡ್ದ ತಪ್ಪಲ್ಲ ಅದು. ಮರ್ವಾದೆ ಅಂತ ಬಾಯ್ಬುಟ್ಟೋಳು ನಾನು" ಎನ್ನುತ್ತಾರೆ ಮುದ್ದಮ್ಮ.

ಟಿ.ವಿ. ತಂದ ಹನ್ನೊಂದು ಮನೆಯವರೂ ಅದು ತಮ್ಮದಲ್ಲ ಎಂದು ಬರೆದುಕೊಡಬೇಕು, ಟಿ.ವಿ.ಯ ಯಜಮಾನರು ತಮ್ಮದೆಂದು ಬರೆದುಕೊಡಬೇಕು. ಬೀರು, ಬೈಕು, ಸರ, ಮಿಕ್ಸಿ ಎಲ್ಲದಕ್ಕೂ ಹಾಗೆಯೇ. ಓಡಾಟಕ್ಕೆ ಮುದ್ದಮ್ಮ ಹೆದರಲಿಲ್ಲ. ಆದರೆ ಜನ ಒಪ್ಪಬೇಕಲ್ಲ. ಎರವಲು ತಂದೆ ಎಂದು ಕಾಗದದಲ್ಲಿ ಹೆಬ್ಬೆಟ್ಟು ಒತ್ತುವುದು ಯಾರಿಗೂ ಬೇಡ. ಸಿದ್ದಲಿಂಗಮ್ಮನಂತೂ ಬಾಗಿಲು ಹಾಕಿಕೊಂಡರು. ಅವರ ಮಗಳಿಗೆ ಆಗ ಗಂಡು ಗೊತ್ತು ಮಾಡುವ ಮಾತು ನಡೆದಿತ್ತು.

"ಸರ ಇಲ್ದೋಳು ಅಂತ ಜನಕ್ಕೆ ಗೊತ್ತಿರೋದು ಬ್ಯಾರೆ, ಸರ್ಕಾರದ್ ಕಾಗ್ದದಲ್ಲಿ ಇರೋದು ಬ್ಯಾರೆ ಕಣಕ್ಕ. ನಾಳೆ ಬೀಗ್ರು ಆ ಕಾಗ್ದ ತಂದು ಮಕದ ಮುಂದೆ ಇಡುದ್ರೆ?" ಎಂದು ಒಳಗಿನಿಂದಲೇ ಕೇಳಿದರು. ಮುದ್ದಮ್ಮ ಖಾಲಿ ಕಾಗದ ಹಿಡಿದು ಮನೆಗೆ ಬಂದರು.

ಮರುದಿನ ನೀರು ಬಿಟ್ಟ ಹೊತ್ತಿನಲ್ಲಿ, ಎಲ್ಲರೂ ನಲ್ಲಿಯ ಹತ್ತಿರ ಇರುವಾಗ, ಮುದ್ದಮ್ಮ ತನ್ನ ಹೇಳಿಕೆಯನ್ನೇ ಮೊದಲು ಬರೆದು ಗಟ್ಟಿಯಾಗಿ ಓದಿದರು. ಮಿಕ್ಸಿ ನನ್ನದಲ್ಲ, ತಂಗಿಯದು. ಗೋಡೆ ಗಡಿಯಾರ ನನ್ನದಲ್ಲ, ಅದೂ ತಂಗಿಯದು. ಅವತ್ತು ಉಟ್ಟಿದ್ದ ಸೀರೆ ನನ್ನದಲ್ಲ. ತುಂಬಿದ ಕೊಡದಿಂದ ನೀರು ಚೆಲ್ಲುತ್ತಿದ್ದರೂ ಯಾರೂ ಸರಿಸಲಿಲ್ಲ. ರಂಗನಾಯಕ ಮುಂದೆ ಬಂದು, "ಬೈಕು ನಮ್ಮಣ್ಣಂದು. ಬರ್ಕಳಕ್ಕ, ಒತ್ತುಬುಡ್ತೀನಿ" ಎಂದು ಹೆಬ್ಬೆಟ್ಟು ಚಾಚಿದ. ಆಮೇಲೆ ಒಬ್ಬೊಬ್ಬರೇ ಬಂದರು. ಸಿದ್ದಲಿಂಗಮ್ಮ ಬಂದದ್ದು ನಾಲ್ಕು ದಿನ ಕಳೆದು, ಸರದ ಒಡತಿಯನ್ನೂ ಜೊತೆಗೆ ಕರೆದುಕೊಂಡು. ಹೆಬ್ಬೆಟ್ಟು ಒತ್ತಿ ಹೋದರು.

ಎರಡನೇ ತಪಾಸಣೆಗೆ ಅದೇ ಅಧಿಕಾರಿ ಬಂದರು. ಈ ಸಲ ಯಾರೂ ಯಾವುದನ್ನೂ ಎಲ್ಲಿಂದಲೂ ತಂದಿರಲಿಲ್ಲ. ಮಡಚಿಟ್ಟ ಚಾಪೆ, ಹಗ್ಗದ ಮೇಲೆ ನಾಲ್ಕು ಬಟ್ಟೆ, ಮೂಲೆಯಲ್ಲಿ ಸೀಮೆಎಣ್ಣೆ ಸ್ಟೌ. ಹೆಂಗಸರು ತಲೆ ತಗ್ಗಿಸಿ ನಿಂತಿದ್ದರು, ಅಧಿಕಾರಿಗೂ ತಲೆ ಎತ್ತಿ ನೋಡುವುದು ಕಷ್ಟವಾಯಿತು. ಇಪ್ಪತ್ತೆಂಟೂ ಮನೆ ನೋಡಿ ಮುಗಿಸಿ, ಕಡೆಗೆ ಮುದ್ದಮ್ಮನ ಕಡೆ ತಿರುಗಿ, "ಹಾಗಾದರೆ ಆ ಕೇಸರಿಬಾತು ಯಾರದಮ್ಮಾ?" ಎಂದು ಕೇಳಿದರು.

"ಅದ್ ಮಾತ್ರ ನಮ್ದೇ ಸಾ" ಎಂದರು ಮುದ್ದಮ್ಮ. ಸಾಹೇಬರು ನಕ್ಕರು. ರಿಯಾಯಿತಿ ಉಳಿಯಿತು, ಬಾಡಿಗೆಯೂ ಇದ್ದಲ್ಲೇ ಉಳಿಯಿತು. ಸಿದ್ದಲಿಂಗಮ್ಮನ ಮಗಳ ಮದುವೆ ಆಯಿತಾದರೂ ಅದೇ ಗಂಡಿನ ಜೊತೆ ಆಗಲಿಲ್ಲ. ಕಾರಣ ಆ ಕಾಗದವೇ ಎಂದು ಯಾರೂ ಹೇಳಿಲ್ಲ. ಅಲ್ಲವೆಂದೂ ಹೇಳಿಲ್ಲ, ಅದೇ ಮುದ್ದಮ್ಮನನ್ನು ಕೊರೆಯುವುದು.

ಅಂದಿನಿಂದ ಫೈಲಿನ ವಿಷಯದಲ್ಲಿ ಈಕೆ ಬಲು ಗಟ್ಟಿ. ಆದಾಯ ಮಿತಿ ದಾಟಿದವರು ಆರು ತಿಂಗಳಲ್ಲಿ ಮನೆ ಬಿಡಬೇಕು, ದಾಕ್ಷಿಣ್ಯವಿಲ್ಲ. ೨೦೦೪ರಲ್ಲಿ ಹಾಗೆ ಮಿತಿ ದಾಟಿದ ಮನೆ ಒಂಬತ್ತನೇ ನಂಬರು. ಕೆಂಪಯ್ಯನ ಕೆಲಸ ಹದಿನೈದು ವರ್ಷದ ಮೇಲೆ ಕಾಯಂ ಆಗಿತ್ತು. ಸಿಹಿ ಹಂಚಿದ ವಾರವೇ ಮುದ್ದಮ್ಮ ತನ್ನ ಮನೆಯ ಹೆಸರನ್ನು ತಾನೇ ಬರೆದು ಮೈಸೂರಿಗೆ ಕಳಿಸಿದರು. ರಾಮಚಂದ್ರ ಕರೆಸಿ, ಒಂಬತ್ತನ್ನು ಆಫೀಸು ಎಂದು ತೋರಿಸಿಬಿಡೋಣ, ನೀನು ಇಲ್ಲೇ ಇರು ಎಂದರು. ಈಕೆ ಒಪ್ಪಲಿಲ್ಲ. "ಆಫೀಸ್ ಆದ್ರೆ ಒಂದ್ ಸಂಸಾರಕ್ಕೆ ಮನೆ ಇಲ್ದಂಗಾಯ್ತದೆ ಸಾ. ತಗಡಿನ್ ಶೆಡ್ಡಲ್ಲಿ ಕಾಯ್ತಾ ಇರೋರು ಇಪ್ಪತ್ತು ಜನ ಅವ್ರೆ" ಎಂದರು.

ನಂಜನಗೂಡಿನ ಬಾಡಿಗೆ ನಿಲುಕದೆ, ಟಿ. ನರಸೀಪುರದಲ್ಲಿ ತಂಗಿಯ ಮನೆಯ ಹಿಂಬದಿಯ ಕೋಣೆ ಹಿಡಿದರು. ಹೆಚ್ಚಿದ ಸಂಬಳದಲ್ಲಿ ಒಂದು ಪಾಲು ಗಂಡ ಹೆಂಡಿರ ಬಸ್ ಚಾರ್ಜಿಗೇ ಹೋಗುತ್ತದೆ. ಕೆಂಪಯ್ಯ ಆಗಾಗ ರೇಗುತ್ತಾರೆ. "ಕಾಯಂ ಆಗಿ ನಾವೇನು ಕಂಡೋ, ಮನೆ ಕಳ್ಕಂಡೋ" ಎಂದು. ಮುದ್ದಮ್ಮನಿಗೆ ಅವರು ಹೇಳುವುದೂ ಸರಿಯೇ ಎನಿಸುತ್ತದೆ. ಒಂಬತ್ತನೇ ಮನೆಯಲ್ಲಿ ಈಗ ಗಾರೆ ಕೆಲಸದ ದಂಪತಿ ಇದ್ದಾರೆ. ಅದರ ಮುಂದೆ ಹಾಯುವಾಗ ಮುದ್ದಮ್ಮ ಒಳಗೆ ಇಣುಕುವುದಿಲ್ಲ.

ಎಂಟೂವರೆಗೆ ವಾಲು ಮುಚ್ಚಿ, ಹನ್ನೊಂದಕ್ಕೆ ತಾಲ್ಲೂಕು ಕಚೇರಿ ಮುಟ್ಟಿ, ಸಂಜೆ ಮತ್ತೆ ನೀರು ಬಿಟ್ಟು ಬಸ್ಸು ಹತ್ತಬೇಕು. ಆದರೆ ಈ ದಣಿವಿಗಿಂತ ದೊಡ್ಡದೊಂದು ಚಿಂತೆ ಈಗ ಹತ್ತಿರ ಬರುತ್ತಿದೆ. ೨೦೦೮ರ ಮಾರ್ಚಿಗೆ ಹದಿನೈದು ವರ್ಷ ಮುಗಿಯುತ್ತದೆ, ಇನ್ನು ಹದಿನೈದು ತಿಂಗಳು. ಆಮೇಲೆ ಟ್ರಸ್ಟು ಮನೆಗಳನ್ನು ಮಾರಬಹುದು, ಬಾಡಿಗೆ ಏರಿಸಬಹುದು, ಕೆಡವಲೂಬಹುದು. ಏನು ಮಾಡಿದರೂ ಕಾನೂನಿಗೆ ಅಡ್ಡಿಯಿಲ್ಲ. ರಾಮಚಂದ್ರ ಒಳ್ಳೆಯವರು, ಅವರ ಕೈಯಲ್ಲೂ ಏನಿಲ್ಲ. ನಲ್ಲಿಯ ಹತ್ತಿರ ದಿನವೂ ಯಾರಾದರೊಬ್ಬರು, "ಆಮೇಕೆ ಎಂಗಕ್ಕ?" ಎಂದು ಕೇಳುತ್ತಾರೆ. ನೋಡಾನ ಎನ್ನುತ್ತಾರೆ ಮುದ್ದಮ್ಮ.

ತನಗಾಗಿ ಏನು ಬೇಕು ಎಂದು ಕೇಳಿದರೆ ಸಂಬಳದ ಮಾತು ಬರುವುದಿಲ್ಲ, ಮಂಡಿಯ ಮಾತೂ ಬರುವುದಿಲ್ಲ. "ಓದ್ ತಿಂಗ್ಳು ಮೈಸೂರ್ಗೋಗಿ ಒಂದೇ ಒಂದು ಕೇಳ್ಕಂಡು ಬಂದೆ. ಮನೆ ಬುಡಿ ಅಂತ ನೋಟೀಸು ಕೊಡೋ ದಿನ ಬಂದ್ರೆ, ನನ್ ಕೈಲಿ ಅಂಚುಸ್ಬ್ಯಾಡಿ ಸಾ, ಅಂಚೇಲಿ ಆಕ್ಬುಡಿ ಅಂದೆ. ಆಯ್ತು ಅಂದ್ರು" ಎನ್ನುತ್ತಾರೆ. ಸೆರಗಿನಿಂದ ಮುಖ ಒರೆಸಿಕೊಂಡು ಸಾಲುಮನೆಗಳ ಕಡೆ ನೋಡುತ್ತಾರೆ.

"ಬಸ್ಸಲ್ಲಿ ಕುಂತ್ಮೇಲೆ ಒಳೀತು. ಅಂಚೇಲಿ ಬಂದ್ರೂನೂವೆ, ಇಪ್ಪತ್ತೆಂಟು ಮನೇವ್ರೂ ಅದ್ನ ಓದ್ಸೋಕೆ ನನ್ ತಾವ್ಕೇ ತತ್ತಾರೆ."