ವಿಭೂತಿ ಹಚ್ಚಿದ ಚಕ್ರ

ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್ಲನ್ನೇ ನಾನು ಡಿಗ್ರಿಯವರೆಗೂ ತುಳಿದೆ. ಹಾರನಹಳ್ಳಿ ಹೋಬಳಿಯ ನಮ್ಮೂರಿಗೆ ಬಸ್ಸಿಲ್ಲ. ಮೂರು ಕಿಲೋಮೀಟರ್ ತುಳಿದು, ಟಾರ್ ರಸ್ತೆಯ ಅರಳಿಮರದ ಕೆಳಗೆ ಸೈಕಲ್ ಬಿಟ್ಟು, ಪಿರಿಯಾಪಟ್ಟಣದ ಬಸ್ಸು ಹತ್ತಬೇಕು. ಬೆಳಗಿನ ಮಂಜಿನಲ್ಲಿ, ನನ್ನಂತೆ ಓದಲು ಹೋಗುವವರು ಅಲ್ಲಿ ಬಿಟ್ಟ ಸೈಕಲ್ಲುಗಳು ನಿಂತಲ್ಲೇ ನಿದ್ದೆಹೋದ ದನಗಳ ಹಾಗೆ ಕಾಣುತ್ತಿದ್ದವು. ಎಲ್ಲವೂ ಒಂದೇ ಬಣ್ಣ, ಒಂದೇ ಅಳತೆ. ಅದೇ ಎಡವಟ್ಟು. ತಮ್ಮ ಚಕ್ರ ಸೊಟ್ಟಗಾದವರು ಪಕ್ಕದ ಸೈಕಲ್ಲಿನದನ್ನು ಬಿಚ್ಚಿಕೊಂಡು ಹೋಗುತ್ತಿದ್ದರು. ಅದು ಕಳ್ಳತನ ಅಂತಲೇ ಅವರಿಗೆ ಅನಿಸುತ್ತಿರಲಿಲ್ಲ.

ನನ್ನ ಬೀಗ ಇದ್ದದ್ದು ಹಿಂದಿನ ಚಕ್ರಕ್ಕೆ. ಕಾಲೇಜಿನ ಮೊದಲ ವರ್ಷವೇ ಮುಂದಿನದು ಹೋಯಿತು. ಅಪ್ಪ ಗೊಣಗುತ್ತಲೇ ಹಳೇ ಚಕ್ರವೊಂದನ್ನು ಹಾಕಿಸಿ ಖಡಾಖಂಡಿತವಾಗಿ ಹೇಳಿದರು: "ಇನ್ನೊಂದ್ ಸಲ ಕಳ್ತನ ಆದ್ರೆ ಕಾಲೇಜೂ ಬ್ಯಾಡ ಗೀಲೇಜೂ ಬ್ಯಾಡ. ಮನೇಲಿರು, ಅಷ್ಟೇ ಕಣವ್ವ." ಇನ್ನೊಂದು ಬೀಗ ಕೊಡಿಸಿ ಎಂದರೆ ಕಿವಿಗೇ ಹಾಕಿಕೊಳ್ಳಲಿಲ್ಲ.

ನನಗೆ ಕಳ್ಳನಿಗಿಂತ ಅಪ್ಪನ ಮೇಲೇ ಸಿಟ್ಟು. ಚಕ್ರಕ್ಕೂ ನನ್ನ ಓದಿಗೂ ಎಲ್ಲಿಂದೆಲ್ಲಿಯ ನಂಟು! ಅವ್ವ ಮಾತ್ರ ಮರುದಿನದಿಂದ ದೇವರ ಪೂಜೆ ಮುಗಿಸಿ ಅಂಗಳಕ್ಕೆ ಬಂದು, ಮುಂದಿನ ಚಕ್ರಕ್ಕೆ ಮೂರು ಬೆರಳಲ್ಲಿ ವಿಭೂತಿ ಎಳೆದು, ಕಡ್ಡಿಗಳ ನಡುವೆ ದಾಸವಾಳ ಸಿಕ್ಕಿಸತೊಡಗಿದಳು. "ಪೂಜೆ ಮಾಡಿದ್ದುಕ್ಕೆ ಯಾರ್ ಕೈ ಆಕಾರು ಬುಡು" ಅಂತಿದ್ದಳು.

ನನಗೋ ನಾಚಿಕೆ. ಆದರೂ ತುಳಿಯುವಾಗ ಆ ಹೂವು ಸುತ್ತಿ ಸುತ್ತಿ ಕೆಂಪು ಬಳೆಯಾಗುತ್ತಿತ್ತು. ನೋಡುತ್ತಾ ಹೋದರೆ ತಂಬಾಕಿನ ಹೊಲ, ಬೇಲಿ, ದಾರಿ ಎಲ್ಲ ಮಸುಕಾಗಿ, ನಾನು ನೆಲ ಮುಟ್ಟದೆ ತೇಲುತ್ತಿದ್ದೇನೆ ಅನಿಸೋದು. ಎರಡು ವರ್ಷ ಯಾರೂ ಚಕ್ರ ಮುಟ್ಟಲಿಲ್ಲ. ನಾನೂ ನಂಬಿಬಿಟ್ಟೆ. ಬಸ್ಸಿನ ಕಿಟಕಿಗೆ ತಲೆಯಾನಿಸಿ ನೆಮ್ಮದಿಯಾಗಿ ತೂಕಡಿಸುತ್ತಿದ್ದೆ.

ಕೊನೇ ವರ್ಷದ ಒಂದು ಮಧ್ಯಾಹ್ನ ಬಸ್ಸಿಳಿದು ನೋಡಿದರೆ ಸೈಕಲ್ಲು ಮುಗ್ಗರಿಸಿದ ಹಾಗೆ ಮುಂದಕ್ಕೆ ಬಾಗಿತ್ತು. ಚಕ್ರವಿಲ್ಲ. ಸೀಟಿನ ಮೇಲೊಂದು ಅರಳಿ ಎಲೆ. ಅದರ ಮೇಲೆ ಅವ್ವನ ದಾಸವಾಳವನ್ನು ಯಾರೋ ಜೋಪಾನವಾಗಿ ಇಟ್ಟು ಹೋಗಿದ್ದರು. ಕಳ್ಳನಿಗೂ ಭಕ್ತಿ! ಮೊದಲು ನಗು ಬಂತು, ಹಿಂದೆಯೇ ಅಳು. ನನ್ನ ಓದು ಇಲ್ಲಿಗೆ ಮುಗಿಯಿತು ಅಂದುಕೊಂಡೆ.

ಸೈಕಲ್ಲಿನ ಮೂತಿ ಎತ್ತಿ ಹಿಡಿದು, ಹಿಂದಿನ ಚಕ್ರದ ಮೇಲೆ ಉರುಳಿಸಿಕೊಂಡು ಮನೆ ಸೇರಿದೆ. ಜಗುಲಿಯಲ್ಲಿದ್ದ ಅಪ್ಪ "ಅಲ್ಲಿಗಾಯ್ತು ಬುಡು" ಅಂದರು. ಅವ್ವ ಸೈಕಲ್ಲನ್ನೊಮ್ಮೆ ನೋಡಿ ಒಲೆಯ ಕಡೆ ಹೋದಳು. ನನಗೆ ಅವಳ ಮೇಲೂ ಕೋಪ ಬಂತು.

ಮರುದಿನ ಬೆಳಿಗ್ಗೆ ನಾನಿನ್ನೂ ಕಂಬಳಿಯೊಳಗಿದ್ದಾಗಲೇ ಅವ್ವ ಎಬ್ಬಿಸಿ ಬುತ್ತಿ ಕೈಗಿತ್ತಳು. ಆಗಲೇ ಚಪ್ಪಲಿ ಮೆಟ್ಟಿದ್ದಳು. ಎಲ್ಲಿಗೆ ಎಂದು ಅಪ್ಪ ಕೇಳಿದರೆ ತಿರುಗಿಯೂ ನೋಡದೆ, "ಇವಳನ್ನ ಬಸ್ಸತ್ತಿಸಿ ಬತ್ತೀನಿ. ಕಾಲ್ನ ಯಾರೂ ಬಿಚ್ಕೊಂಡ್ ಓಗಕಾಗಲ್ಲ ಬುಡಿ" ಅಂದಳು. ಕೊನೇ ಪರೀಕ್ಷೆಯ ದಿನದವರೆಗೂ ಅವ್ವ ನನ್ನ ಪಕ್ಕದಲ್ಲಿ ನಡೆದಳು.