ಮರಿಯಪ್ಪ ಮೇಷ್ಟ್ರ ಗ್ರೀನ್‌ಲ್ಯಾಂಡ್

ಮರಿಯಪ್ಪ ಮೇಷ್ಟ್ರು ಯಾವ ವಿಷಯವನ್ನಾದರೂ ಯೋಚಿಸಬೇಕಾದರೆ ಕುರ್ಚಿ ಬದಲಾಯಿಸುತ್ತಿದ್ದರು. ಸ್ಟಾಫ್ ರೂಮಿನ ಉದ್ದ ಮೇಜಿಗೆ ಕಿಟಕಿಯ ಕಡೆ ಕೂತರೆ ಪರ, ಬೀರುವಿನ ಕಡೆ ಕೂತರೆ ವಿರುದ್ಧ. ಒಮ್ಮೆ ನಾನು ಪುಟ್ಟೇನಹಳ್ಳಿ ಕೆರೆಯ ಹತ್ತಿರ ಸೈಟು ತೆಗೆದುಕೊಳ್ಳಲೋ ಬೇಡವೋ ಎಂದು ಅವರನ್ನು ಕೇಳಿದೆ. ಕಿಟಕಿ ಕಡೆ ಕೂತು, "ತಗೊಂಡ್ಬಿಡಿ ಮೇಡಂ, ನಾಳೆ ಬಸ್ಸು ಬರುತ್ತೆ, ಲೈಟು ಬರುತ್ತೆ, ಊರು ಆ ಕಡೆಗೇ ಬೆಳೀತಿದೆ" ಎಂದು ಹತ್ತು ನಿಮಿಷ ಹೇಳಿದರು. ಆಮೇಲೆ ಎದ್ದು ಬಂದು ಬೀರುವಿನ ಕಡೆ ಕೂತು, "ಆದ್ರೆ ಮೇಡಂ, ಪತ್ರ ಸರಿ ಇದೆಯೋ ಇಲ್ವೋ, ಮಳೆಗಾಲದಲ್ಲಿ ಕೆರೆ ನೀರು ಎಲ್ಲಿವರ್ಗೂ ಬರುತ್ತೋ, ನೋಡ್ಬೇಕಲ್ಲ" ಎಂದು ಇನ್ನು ಹತ್ತು ನಿಮಿಷ ಹೇಳಿದರು. ನಾನು ಮನೆಗೆ ಹೋಗಿ ಮಲಗಿದೆ. ಈಗ ಆ ಸೈಟಿನ ಮೇಲೆ ಮೂರಂತಸ್ತಿನ ಮನೆ ಇದೆ. ನನ್ನದಲ್ಲ.

ನಾನು ವಿಜ್ಞಾನ ಹೇಳಿಕೊಡಲು ಆ ಶಾಲೆಗೆ ಸೇರಿದ್ದು ತೊಂಬತ್ತೆರಡರಲ್ಲಿ. ಜಯನಗರದ ಒಳರಸ್ತೆಯೊಂದರಲ್ಲಿದ್ದ ಸಣ್ಣ ಕನ್ನಡ ಮಾಧ್ಯಮದ ಹೈಸ್ಕೂಲು. ಏಳು ಜನ ಮೇಷ್ಟ್ರುಗಳು, ಸೋರುವ ಎರಡು ಕೋಣೆ, ಸೋರದ ನಾಲ್ಕು ಕೋಣೆ. ಮಕ್ಕಳೆಲ್ಲ ಸಿದ್ದಾಪುರ, ಬೈರಸಂದ್ರದ ಕಡೆಯವರು. ಹೂ ಮಾರುವವರ, ಗಾರೆ ಕೆಲಸದವರ, ಮನೆಗೆಲಸಕ್ಕೆ ಹೋಗುವವರ ಮಕ್ಕಳು. ಮರಿಯಪ್ಪ ಮೇಷ್ಟ್ರು ಭೂಗೋಳ ಹೇಳಿಕೊಡುತ್ತಿದ್ದರು. ಅವರೂ ಸಿದ್ದಾಪುರದವರೇ, ಅದು ಇನ್ನೂ ಹಳ್ಳಿಯಾಗಿದ್ದ ಕಾಲದಿಂದ ಅಲ್ಲಿದ್ದ ಮನೆತನ. ಡಸ್ಟರ್ ಮುಟ್ಟುತ್ತಿರಲಿಲ್ಲ, ಬೋರ್ಡನ್ನು ಅಂಗೈಯಲ್ಲೇ ಒರೆಸುತ್ತಿದ್ದರು. ಹಾಗಾಗಿ ಅವರ ಬಲಗೈ ಯಾವಾಗಲೂ ಬೆಳ್ಳಗಿರುತ್ತಿತ್ತು, ಯಾರಿಗಾದರೂ ನಮಸ್ಕಾರ ಮಾಡಿದರೆ ಎಡಗೈಗೂ ಅಂಟುತ್ತಿತ್ತು.

ನಾನು ಸೇರುವುದಕ್ಕೆ ಸ್ವಲ್ಪ ಮೊದಲು ಊರಿನಲ್ಲಿ ನದಿ ನೀರಿನ ಗಲಾಟೆಯಾಗಿತ್ತು. ಅದೇ ವಿಷಯ ಇಟ್ಟುಕೊಂಡು ಶಾಲೆಯಲ್ಲಿ ಚರ್ಚಾ ಸ್ಪರ್ಧೆ ನಡೆಸಲು ಹೋಗಿ, ಮನೆಯಲ್ಲಿ ಕನ್ನಡ ಆಡುವ ಮಕ್ಕಳಿಗೂ ತಮಿಳು ಆಡುವ ಮಕ್ಕಳಿಗೂ ಹೊಡೆದಾಟವಾಯಿತಂತೆ. ಯಾರ ಮನಸ್ಸಿಗೂ ತಾಗದ ವಿಷಯವಿದ್ದರೆ ಮಾತ್ರ ಚರ್ಚೆ, ಇಲ್ಲದಿದ್ದರೆ ಬೇಡ ಎಂದು ಹೆಡ್ ಮಾಸ್ಟರು ಆಜ್ಞೆ ಮಾಡಿದರು. ಮೇಷ್ಟ್ರು ಗೋಡೆಯ ಮೇಲಿನ ಪ್ರಪಂಚದ ಭೂಪಟದ ಮುಂದೆ ಒಂದು ಪೀರಿಯಡ್ಡು ಪೂರ್ತಿ ನಿಂತರಂತೆ, ಜಯನಗರದ ಯಾರಿಗೂ ನೆಂಟರಿಲ್ಲದ ಜಾಗ ಯಾವುದು ಎಂದು ಹುಡುಕುತ್ತ. ಕೊನೆಗೆ ಬೆಳ್ಳಗಿನ ಬೆರಳು ಹೋಗಿ ಮೇಲಿನ ಮೂಲೆಯಲ್ಲಿ ನಿಂತಿತು. ಅಂದಿನಿಂದ ವರ್ಷ ವರ್ಷವೂ ಒಂದೇ ವಿಷಯ: ಗ್ರೀನ್‌ಲ್ಯಾಂಡ್ ಕೆನಡಾ ದೇಶವನ್ನು ಸೇರಬೇಕೇ, ಬೇಡವೇ?

ಚರ್ಚೆಗೆ ಮೊದಲು ಮಕ್ಕಳಿಗೆ ಅವರೇ ವಿವರಿಸುತ್ತಿದ್ದರು. "ನೋಡ್ರಪ್ಪ, ಭೂಪಟದಲ್ಲಿ ಇಷ್ಟು ದೊಡ್ಡದು ಕಾಣ್ಸುತ್ತೆ, ಆದ್ರೆ ಪೂರ್ತಿ ಮಂಜುಗಡ್ಡೆ. ನಮ್ ಜಯನಗರದಷ್ಟೂ ಜನ ಇಲ್ಲ ಅಲ್ಲಿ. ದೂರದ ಡೆನ್ಮಾರ್ಕ್ ದೇಶಕ್ಕೆ ಸೇರಿದೆ. ಮನೆ ಮಟ್ಟಿಗೆ ಅವರದೇ ಆಡಳಿತ, ಹೊರಗಿನ ವ್ಯವಹಾರ ಎಲ್ಲ ಡೆನ್ಮಾರ್ಕಿಂದು. ಕೆನಡಾ ಪಕ್ಕದಲ್ಲೇ ಇದೆ. ಈಗ ಹೇಳಿ." ಮೊದಲ ಸಲ ಮಾತಾಡುವವರು ಯಾವ ಕಡೆ ಎಂಬುದನ್ನು ಚೀಟಿ ಎತ್ತಿಸಿ ಗೊತ್ತುಮಾಡುತ್ತಿದ್ದರು. ಒಂದು ವರ್ಷ ಪರವಾಗಿ ಮಾತಾಡಿದವರು ಮುಂದಿನ ವರ್ಷ ವಿರುದ್ಧ ಮಾತಾಡಲೇಬೇಕು. ಗಂಟೆ ಹೊಡೆಯುವ ಕೆಲಸ ನನ್ನದು.

ನಾನು ಆ ಗಂಟೆಯನ್ನು ಹನ್ನೊಂದು ವರ್ಷ ಹೊಡೆದೆ. ಅದೇ ಮಂಜು, ಅದೇ ಮೀನು, ಅದೇ ಕೆನಡಾ. ನಿಜ ಹೇಳಬೇಕೆಂದರೆ ಮೂರನೇ ವರ್ಷಕ್ಕೇ ನನಗೆ ಸಾಕಾಗಿತ್ತು. ಆದರೆ ಮಕ್ಕಳು ಕೆಲವು ಸಲ ನಿದ್ದೆ ಬಿಡಿಸುತ್ತಿದ್ದರು. "ಡೆನ್ಮಾರ್ಕಿಗೆ ಹೋಗ್ಬೇಕಂದ್ರೆ ಸಮುದ್ರ ದಾಟ್ಬೇಕು, ಕಾಯಿಲೆ ಆದ್ರೆ ಪಕ್ಕದ ಊರಿನ ಆಸ್ಪತ್ರೆ ತಾನೇ ಗತಿ?" ಎಂದು ಕೊನೆಯ ವರ್ಷ ಒಬ್ಬ ಕೇಳಿದರೆ, ಮಂಜುಳಾ ಎಂಬ ಎಂಟನೇ ಕ್ಲಾಸಿನ ಹುಡುಗಿ ಎದ್ದು, "ಪಕ್ಕದ ಮನೆ ಆಂಟಿ ಸಕ್ಕರೆ ಕೊಡ್ತಾರೆ ಅಂತ ಅವರ ರೇಷನ್ ಕಾರ್ಡಲ್ಲಿ ನಮ್ ಹೆಸ್ರು ಬರೆಸ್ಕೋತೀವಾ?" ಎಂದಳು. ಮೇಷ್ಟ್ರು ನಕ್ಕು ನಕ್ಕು ಕಣ್ಣೊರೆಸಿಕೊಂಡು ಮುಖವೆಲ್ಲ ಸೀಮೆಸುಣ್ಣ ಮಾಡಿಕೊಂಡರು. ಬಹುಮಾನ ಮಾತ್ರ ಪ್ರತಿ ವರ್ಷ ಎರಡು ಕಡೆಯವರಿಗೂ ಸಮ.

ಎಲ್ಲ ಮುಗಿದ ಮೇಲೆ ಅವರದೊಂದು ಪದ್ಧತಿ ಇತ್ತು. ಎದ್ದು ನಿಂತು, ಕೋಣೆಯ ಕೊನೆಯವರೆಗೂ ಕಣ್ಣು ಹಾಯಿಸಿ, "ಅಲ್ಲಿಯವರು ಯಾರಾದ್ರೂ ಇದ್ದೀರಾ?" ಎಂದು ಕೇಳುತ್ತಿದ್ದರು. ಒಂದು ನಿಮಿಷ ಕಾಯುತ್ತಿದ್ದರು. ಮಕ್ಕಳು ಕಿಸಕಿಸ ನಗುತ್ತ ಹಿಂದೆ ತಿರುಗಿ ನೋಡುತ್ತಿದ್ದವು. "ಯಾರೂ ಇಲ್ಲ. ಹಾಗಾದ್ರೆ ಇವತ್ತು ಏನೂ ತೀರ್ಮಾನ ಆಗಿಲ್ಲ. ಎದ್ದೇಳಿ, ಮನೆಗೆ ಹೋಗಿ."

ಇದೇನು ಸಾರ್ ಪ್ರತಿ ವರ್ಷ ನಾಟಕ ಎಂದು ನಾನೊಮ್ಮೆ ಕೇಳಿದ್ದಕ್ಕೆ, ಅಂದು ಯಾವ ಕುರ್ಚಿಯಲ್ಲೂ ಕೂರದೆ ನಿಂತೇ ಹೇಳಿದರು: "ನಾನು ಚಿಕ್ಕೋನಾಗಿದ್ದಾಗ ನಮ್ ಕೇರಿಗೆ ನೀರು ಬಿಡ್ಬೇಕೋ ಬೇಡ್ವೋ ಅಂತ ಊರೋರು ಕಟ್ಟೆ ಮೇಲೆ ಸೇರಿ ಮಾತಾಡೋರು ಮೇಡಂ. ನಮ್ಮಪ್ಪ ದೂರದಲ್ಲಿ ನಿಂತಿರ್ತಿದ್ದ. ಪರ ಮಾತಾಡೋರೂ ಇದ್ರು, ವಿರುದ್ಧ ಮಾತಾಡೋರೂ ಇದ್ರು. ಒಬ್ರೂ ತಿರುಗಿ ನಮ್ಮಪ್ಪನ್ನ ಏನಪ್ಪ ನಿಂದು ಅಂತ ಕೇಳ್ಲಿಲ್ಲ." ಅದೇ ಅಪ್ಪ ಮುಂದೆ ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ ಬೌದ್ಧರಾದರಂತೆ. "ಅದಕ್ಕೂ ಮೊದ್ಲು ನಮ್ಮೆಲ್ಲರನ್ನ ಕೂರಿಸ್ಕೊಂಡು ಕೇಳ್ದ. ನಮ್ಮವ್ವನ್ನೂ ಕೇಳ್ದ" ಎಂದರು. ಆಮೇಲೆ ನಾನು ಆ ಪದ್ಧತಿಯನ್ನು ಲೇವಡಿ ಮಾಡಲಿಲ್ಲ.

ಎರಡು ಸಾವಿರದ ಮೂರರಲ್ಲಿ ನಮ್ಮ ಸರದಿ ಬಂತು. ನಮ್ಮ ಕಾಂಪೌಂಡಿಗೆ ಅಂಟಿಕೊಂಡೇ ದೊಡ್ಡದೊಂದು ಇಂಗ್ಲಿಷ್ ಮಾಧ್ಯಮದ ಶಾಲೆ ಇತ್ತು. ಅವರಿಗೆ ನಮ್ಮ ಜಾಗ ಬೇಕಿತ್ತು, ನಮ್ಮ ಆಡಳಿತ ಮಂಡಳಿಗೆ ಶಾಲೆ ನಡೆಸಿ ಸುಸ್ತಾಗಿತ್ತು. ನಮ್ಮ ಶಾಲೆಯನ್ನು ಅವರದರೊಳಗೆ ಸೇರಿಸಿಬಿಡುವುದು, ಮೇಷ್ಟ್ರುಗಳಿಗೆ ಅಲ್ಲೇ ಕೆಲಸ, ಮಕ್ಕಳಿಗೆ ಅಲ್ಲೇ ಸೀಟು ಎಂದು ಮಾತಾಯಿತು. ಮೇಷ್ಟ್ರುಗಳ ಪರವಾಗಿ ಒಬ್ಬರು ಒಪ್ಪಿಗೆಯ ಸಹಿ ಹಾಕಬೇಕಿತ್ತು. ಹಿರಿಯರು ಎಂದು ಮರಿಯಪ್ಪ ಮೇಷ್ಟ್ರ ಮುಂದೆ ಕಾಗದ ಬಂತು. ಅವರು ಸಹಿ ಹಾಕದಿದ್ದರೆ ವಿಷಯ ಮೇಲಿನ ಆಫೀಸಿಗೆ ಹೋಗಿ ವರ್ಷಗಟ್ಟಲೆ ನಿಲ್ಲುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಅಷ್ಟರಲ್ಲಿ ಈ ಮಕ್ಕಳಾದರೂ ಹತ್ತನೇ ಕ್ಲಾಸು ದಾಟಿಬಿಡುತ್ತಿದ್ದರು.

"ಮಕ್ಕಳ ಅಪ್ಪ ಅಮ್ಮನ್ನ ಕೇಳ್ದೆ ನಾನು ಸಹಿ ಹಾಕಲ್ಲ" ಎಂದರು ಮೇಷ್ಟ್ರು. ನನಗೆ ಸಂತೋಷವಾಯಿತು. ಕೇಳಿದರೆ ಬೇಡ ಎನ್ನುತ್ತಾರೆ, ಶಾಲೆ ಉಳಿಯುತ್ತದೆ ಎಂದುಕೊಂಡೆ.

ಒಂದು ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಸಭೆ ಸೇರಿತು. ಹೆಂಗಸರು ವ್ಯಾಪಾರ ಬಿಟ್ಟು ಬಂದಿದ್ದರು, ಗಂಡಸರು ಆ ದಿನದ ಕೂಲಿ ಬಿಟ್ಟು ಬಂದಿದ್ದರು. ಮೇಷ್ಟ್ರು ಬೋರ್ಡಿನ ಈ ಪಕ್ಕ ನಿಂತು ಸೇರುವುದರ ಲಾಭ ಹೇಳಿದರು: ಇಂಗ್ಲಿಷು, ಕಂಪ್ಯೂಟರು, ಸೋರದ ಕಟ್ಟಡ. ಆ ಪಕ್ಕಕ್ಕೆ ಹೋಗಿ ನಷ್ಟ ಹೇಳಿದರು: ಭಾಷೆ ಕಷ್ಟವಾಗಬಹುದು, ಫೀಸು ಏರಬಹುದು, ನಮ್ಮ ಮಕ್ಕಳನ್ನು ಅವರು ಹೇಗೆ ನೋಡಿಕೊಳ್ಳುತ್ತಾರೋ ಗೊತ್ತಿಲ್ಲ. ಎರಡಕ್ಕೂ ಹತ್ತತ್ತು ನಿಮಿಷ. ನಷ್ಟದ ಕಡೆಗೆ ಒಂದು ನಿಮಿಷ ಹೆಚ್ಚು ಹೇಳಲಿ ಎಂದು ನಾನು ಒಳಗೇ ಬೇಡಿಕೊಂಡೆ. ಹೇಳಲಿಲ್ಲ. ಗಡಿಯಾರ ನೋಡಿ ನಿಲ್ಲಿಸಿದರು.

ಮಂಜುಳಾಳ ತಾಯಿ ನಾಗಮ್ಮ ಎದ್ದು ನಿಂತಳು. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಹತ್ತಿರ ಫುಟ್‌ಪಾತಿನಲ್ಲಿ ಹೂ ಮಾರುವವಳು. "ಎಲ್ಲಾ ಸರಿ ಮೇಷ್ಟ್ರೇ, ನೀವೇನಂತೀರ?"

"ನಾನು ಹೇಳಿದ್ರೆ ನೀವೆಲ್ಲ ನನ್ ಮಾತು ಕೇಳ್ಬಿಡ್ತೀರಮ್ಮ. ಇದು ನಿಮ್ ಮಕ್ಕಳ ವಿಷ್ಯ. ನಿಮ್ ಮಾತು ಹೇಳಿ."

ಕೈ ಎತ್ತಿಸಿದರು. ಐದಾರು ಜನ ಬಿಟ್ಟು ಎಲ್ಲರೂ ಸೇರೋಣ ಎಂದರು. ಇಂಗ್ಲಿಷ್ ಎಂಬ ಒಂದೇ ಮಾತಿಗೆ ಎತ್ತಿದ ಕೈಗಳು ಅವು. ಅವರನ್ನು ಬೈಯುವುದಕ್ಕೆ ನನಗೆ ಬಾಯಿಲ್ಲ, ನನ್ನ ಮಗನೂ ಇಂಗ್ಲಿಷ್ ಶಾಲೆಗೇ ಹೋಗುತ್ತಿದ್ದ. ಮೇಷ್ಟ್ರು ಒಂದು ಲೋಟ ನೀರು ಕುಡಿದರು, ಒಳಗೆ ಹೋಗಿ ಸಹಿ ಹಾಕಿದರು.

ನನಗೆ ಸಿಟ್ಟು ತಡೆಯಲಾಗಲಿಲ್ಲ. "ನಿಮಗೂ ಸೇರೋದು ಬೇಕಿತ್ತಾ ಸಾರ್?" ಎಂದು ಕೇಳಿದೆ.

"ಇಲ್ಲ ಮೇಡಂ. ಬೇಡ ಅಂತಲೇ ಇತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಕೇಳಿದ್ಮೇಲೆ ಕೇಳಿಸ್ಕೋಬೇಕಲ್ಲ. ನಾನೇ ಹೇಳ್ಕೊಟ್ಟು, ನಾನೇ ಕೇಳಿದ್ರೆ ಅದೇನು ಚೆಂದ?"

ಮುಂದಿನದನ್ನು ಬರೆಯಲು ಬೇಸರ. ಹೊಸ ಶಾಲೆಯಲ್ಲಿ ನಮ್ಮ ಮಕ್ಕಳಿಗೆ ಬೇರೆ ಸೆಕ್ಷನ್ ಮಾಡಿದರು. ಇಂಗ್ಲಿಷಿನಲ್ಲಿ ಪರೀಕ್ಷೆ ಇಟ್ಟು, ಫೇಲಾದವರನ್ನು ಅದೇ ಕ್ಲಾಸಿನಲ್ಲಿ ಕೂರಿಸಿ, ಎರಡನೇ ಸಲವೂ ಫೇಲಾದವರ ಕೈಗೆ ಟಿಸಿ ಕೊಟ್ಟರು. ಯಾರೂ ಯಾರನ್ನೂ ಗದರಲಿಲ್ಲ, ಎಲ್ಲವೂ ನಿಯಮದ ಪ್ರಕಾರವೇ ನಡೆಯಿತು. ಮೂರು ವರ್ಷದಲ್ಲಿ ನಮ್ಮ ಮಕ್ಕಳಲ್ಲಿ ಹತ್ತನೇ ಕ್ಲಾಸು ದಾಟಿದವರು ಬೆರಳೆಣಿಕೆಯಷ್ಟು. ರೇಷನ್ ಕಾರ್ಡಿನ ಮಾತು ಹೇಳಿದ್ದ ಮಂಜುಳಾ ಒಂಬತ್ತನೇ ಕ್ಲಾಸಿಗೇ ನಿಂತು ತಾಯಿಯ ಪಕ್ಕದಲ್ಲಿ ಹೂ ಕಟ್ಟಲು ಕೂತಳು. ಮೇಷ್ಟ್ರಿಗೆ ಅಲ್ಲಿ ಪಾಠವೇ ಕೊಡಲಿಲ್ಲ, ಲೈಬ್ರರಿಯಲ್ಲಿ ಕೂರಿಸಿದರು. ಎರಡು ವರ್ಷ ಅಲ್ಲಿ ಕೂತು ನಿವೃತ್ತರಾದರು. ಅವರ ಬಲಗೈ ಎಲ್ಲರ ಕೈಯ ಹಾಗೆ ಆಗಿತ್ತು.

ನಿವೃತ್ತಿಯಾದ ಮೇಲೊಂದು ಸಲ, ನಾಲ್ಕನೇ ಬ್ಲಾಕಿನಲ್ಲಿ ನಾವಿಬ್ಬರೂ ಬಸ್ಸಿಗೆ ಹೋಗುತ್ತಿದ್ದಾಗ ನಾಗಮ್ಮ ಎದುರಾದಳು. ಎದುರಾದಳು ಎನ್ನುವುದು ತಪ್ಪು, ಅವಳು ಎಂದಿನಂತೆ ಅಲ್ಲೇ ಕೂತಿದ್ದಳು. ಆ ಫುಟ್‌ಪಾತು ಬಿಟ್ಟು ಆಚೆ ರಸ್ತೆಯಲ್ಲಿ ಹೋಗೋಣವೆಂದು ಮೇಷ್ಟ್ರು ಹೇಳಿದ್ದರು, ನಾನೇ ಕಾಲುನೋವೆಂದು ಈ ಕಡೆ ಎಳೆದುಕೊಂಡು ಬಂದಿದ್ದೆ. ಅವಳು ಜಗಳವಾಡಲಿಲ್ಲ. ಹೂ ಅಳೆಯುತ್ತಲೇ ಹೇಳಿದಳು: "ನಿಮಗೆ ಗೊತ್ತಿತ್ತಲ್ಲ ಮೇಷ್ಟ್ರೇ. ನಾವು ಓದ್ದೋರಲ್ಲ. ಅವತ್ತು ನಾನು ಎದ್ದು ನಿಂತು ಕೇಳ್ದೆ. ಒಂದ್ ಮಾತು, ಬೇಡ ಅಂದಿದ್ರೆ ಸಾಕಾಗಿತ್ತು."

ಮೇಷ್ಟ್ರು ನನ್ನ ಜೊತೆ ಬಸ್ ಸ್ಟಾಪಿನವರೆಗೂ ನಡೆದರು. ಅವರ ಬಸ್ಸು ಬಂತು, ಹತ್ತಲಿಲ್ಲ. ಇನ್ನೊಂದು ಬಂತು, ಹತ್ತಲಿಲ್ಲ. ನನ್ನ ಬಸ್ಸು ಬಂದಾಗ ನಾನು ಹತ್ತಿ ಹೊರಟೆ. ಹಾಗೆ ಹೊರಟದ್ದಕ್ಕೆ ಈಗಲೂ ಬೇಜಾರಿದೆ.

ಆಮೇಲೆ ತಿಳಿದದ್ದು, ಅವರು ಅಲ್ಲಿಂದ ಮತ್ತೆ ನಾಗಮ್ಮನ ಹತ್ತಿರ ಹೋದರಂತೆ. ಅವಳ ಚಿಕ್ಕ ಮಗಳು ರೇಖಾ ನಾಲ್ಕನೇ ಕ್ಲಾಸು ಮುಗಿಸಿದ್ದಳು, ಮುಂದೆ ಎಲ್ಲಿಗೆ ಹಾಕುವುದೋ ತಾಯಿಗೆ ತಿಳಿದಿರಲಿಲ್ಲ. "ಈ ಸಲ ಹೇಳ್ಬಿಟ್ಟೆ ಮೇಡಂ" ಎಂದು ಫೋನಿನಲ್ಲಿ ಹೇಳಿದರು. "ಸರ್ಕಾರಿ ಸ್ಕೂಲಿಗೆ ಹಾಕು, ಇಂಗ್ಲಿಷು ನಾನು ದಿನಾ ಸಾಯಂಕಾಲ ಬಂದು ಹೇಳ್ಕೊಡ್ತೀನಿ ಅಂದೆ. ಸರಿಯೋ ತಪ್ಪೋ ಗೊತ್ತಿಲ್ಲ. ನಾನೇ ಪರೀಕ್ಷೆಗೆ ಕೂತ ಹಾಗಿತ್ತು."

ಒಂದೂವರೆ ವರ್ಷ ಅವರು ಆ ಪಾಠ ತಪ್ಪಿಸಲಿಲ್ಲ. ಎರಡು ಸಾವಿರದ ಒಂಬತ್ತರ ಮೊದಲಲ್ಲಿ ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ಕುಸಿದು ಬಿದ್ದವರು ಏಳಲಿಲ್ಲ. ಸುದ್ದಿ ನನಗೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಾನು ಅವರನ್ನು ಕೊನೆಯದಾಗಿ ನೋಡಿದ್ದು ಅದಕ್ಕೆ ಎರಡು ತಿಂಗಳ ಮೊದಲು, ಸಿದ್ದಾಪುರದಲ್ಲಿ, ನಾಗಮ್ಮನ ಮನೆಯಲ್ಲಿ. ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಬಂದಿತ್ತು: ಗ್ರೀನ್‌ಲ್ಯಾಂಡಿನಲ್ಲಿ ಜನರನ್ನೇ ಕೇಳಿದರಂತೆ, ತಮ್ಮ ಆಡಳಿತ ಇನ್ನಷ್ಟು ತಮ್ಮ ಕೈಗೇ ಬರಲಿ ಎಂದು ಅವರು ಮತ ಹಾಕಿದರಂತೆ. ಕತ್ತರಿಸಿಕೊಂಡು ಹೋಗಿದ್ದೆ. ಮೇಷ್ಟ್ರು ಕನ್ನಡಕ ಏರಿಸಿ ಎರಡು ಸಲ ಓದಿದರು. "ಪರವಾಗಿಲ್ಲ, ಕೇಳಿದ್ರಲ್ಲ" ಎಂದರು. ಹದಿನಾರು ವರ್ಷ ಆ ಊರಿನ ಚಿಂತೆ ಮಾಡಿದ ಮನುಷ್ಯ ಅಷ್ಟೇ ಅಂದದ್ದು.

ರೇಖಾ ಗೋಡೆಗೆ ಒರಗಿ ಕೂತು ನಮ್ಮ ಮಾತು ಕೇಳುತ್ತಿದ್ದಳು. ಮೇಷ್ಟ್ರು ಅವಳಿಗೆ ಕಥೆಯೆಲ್ಲ ವಿವರಿಸಿ ಹಳೆಯ ಪ್ರಶ್ನೆ ಕೇಳಿದರು. "ಈಗ ಹೇಳು ಮಗಳೇ. ಗ್ರೀನ್‌ಲ್ಯಾಂಡು ಪಕ್ಕದ ಕೆನಡಾಗೆ ಸೇರ್ಕೋಬೇಕಾ?"

"ಅವ್ರನ್ನೇ ಕೇಳ್ಬೇಕು ಸಾರ್."

"ಅದು ಸರಿ. ಅವ್ರೇ ಬಂದು, ನಿಂಗೇನನ್ಸುತ್ತೆ ರೇಖಾ, ಹೇಳು ಅಂದ್ರೆ?"

ಹುಡುಗಿ ತುಂಬ ಹೊತ್ತು ಯೋಚಿಸಲಿಲ್ಲ. "ಬೇಡ ಅಂತೀನಿ."

"ಯಾಕಮ್ಮ?"

"ಸೇರಿಸ್ಕೋತಾರೆ ಸಾರ್. ಆಮೇಲೆ ನೀವು ಮಾತ್ರ ಹಿಂದಿನ ಗೇಟಲ್ಲಿ ಬನ್ನಿ ಅಂತಾರೆ. ನಮ್ಮಕ್ಕಂಗೆ ಹಂಗೇ ಅಂದಿದ್ರು."

ಮೇಷ್ಟ್ರು ನನ್ನ ಮುಖ ನೋಡಿದರು. ಅವರಿಗೆ ಅದು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಐದು ವರ್ಷದಿಂದ ನಾನು ದಿನಾ ಮುಂದಿನ ಗೇಟಿನಿಂದ ಆ ಶಾಲೆಗೆ ಹೋಗಿ ಬರುತ್ತಿದ್ದೆ.